ಚಕ್ರ ತಿರುಗಿತು, ಗಾಡಿ ಕದಲಲಿಲ್ಲ

2005ರ ಏಪ್ರಿಲ್ 26. ಮಂಗಳ ಗ್ರಹದ ಮೆರಿಡಿಯಾನಿ ಬಯಲಿನಲ್ಲಿದ್ದ ಆಪರ್ಚುನಿಟಿ ರೋವರ್‌ಗೆ ಅಂದು ಒಪ್ಪಿಸಿದ್ದ ಕೆಲಸ 90 ಮೀಟರ್ ನಡೆಯುವುದು. ದಾರಿಯುದ್ದಕ್ಕೂ ಗಾಳಿ ಗುಡ್ಡೆ ಹಾಕಿದ್ದ ಮರಳಿನ ಸಣ್ಣ ಸಣ್ಣ ದಿಣ್ಣೆಗಳು. ಅಂಥವನ್ನು ಅದು ಆಗಲೇ ಹತ್ತಾರು ದಾಟಿತ್ತು. ಸುಮಾರು 40 ಮೀಟರ್ ಸಲೀಸಾಗಿ ಹೋಯಿತು. ಆಮೇಲೆ ಒಂದಡಿ ಎತ್ತರದ ಒಂದು ದಿಣ್ಣೆಯಲ್ಲಿ ಆರೂ ಚಕ್ರಗಳು ಹೂತುಕೊಂಡವು. ಮರಳಿನಲ್ಲಿ ಗಾಡಿ ಹೂತುಹೋಗುವುದು ಅಂಥ ದೊಡ್ಡ ಸುದ್ದಿಯಲ್ಲ. ಆದರೆ ಹೂತ ಮೇಲೂ ಉಳಿದ 50 ಮೀಟರಿಗೆ ಬೇಕಾಗುವಷ್ಟು ಸುತ್ತು ಚಕ್ರಗಳು ನಿಂತಲ್ಲೇ ತಿರುಗುತ್ತ ಹೋದವು. ತಿರುಗಿದಷ್ಟೂ ಇನ್ನಷ್ಟು ಆಳಕ್ಕೆ ಇಳಿದವು. ಸುತ್ತಿನ ಲೆಕ್ಕ ಮುಗಿದಾಗ, ಹೇಳಿದ ಕೆಲಸ ಆಯಿತೆಂದು ರೋವರ್ ನಿಂತಿತು.

ಅದರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಚಕ್ರದ ಸುತ್ತಳತೆ ಗೊತ್ತು, ಎಷ್ಟು ಸುತ್ತು ತಿರುಗಿತೆಂಬುದೂ ಗೊತ್ತು. ಎರಡನ್ನೂ ಗುಣಿಸಿದರೆ ನಡೆದ ದೂರ ಸಿಗಬೇಕು. ನೆಲ ಗಟ್ಟಿಯಿದ್ದರೆ ಸಿಗುತ್ತದೆ ಕೂಡ. ಮಳೆಗಾಲದಲ್ಲಿ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತರೆ ಚಾಲಕನಿಗೆ ಯಾವ ಗಣಿತವೂ ಬೇಕಾಗುವುದಿಲ್ಲ. ಎಂಜಿನ್ ಸದ್ದು ಬದಲಾಗುತ್ತದೆ, ಸೀಟು ಒಂದು ಕಡೆ ವಾಲುತ್ತದೆ, ಪಕ್ಕದ ಬದು ಇದ್ದಲ್ಲೇ ಇರುತ್ತದೆ. ಅವನು ಬೈದುಕೊಂಡು ಇಳಿಯುತ್ತಾನೆ. ಆಪರ್ಚುನಿಟಿಗೆ ಆ ಬದುವನ್ನು ನೋಡುವ ಕಣ್ಣು ಇರಲಿಲ್ಲವೆಂದಲ್ಲ. ಕ್ಯಾಮೆರಾಗಳು ಇದ್ದವು. ಆ ಹೊತ್ತಿನಲ್ಲಿ ಅವುಗಳ ಮೂಲಕ ತನ್ನನ್ನೇ ಪರೀಕ್ಷಿಸಿಕೊಳ್ಳುವಂತೆ ಯಾರೂ ಅದಕ್ಕೆ ಹೇಳಿರಲಿಲ್ಲ, ಅಷ್ಟೆ.

ಅದನ್ನು ಮೇಲೆತ್ತಲು ಐದು ವಾರ ಹಿಡಿಯಿತು. ಪ್ಯಾಸಡೀನಾದಲ್ಲಿರುವ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳು ಮರಳು, ಜೇಡಿಮಣ್ಣು ಮುಂತಾದವನ್ನು ಬೆರೆಸಿ ಮಂಗಳದ ಪುಡಿಮಣ್ಣಿಗೆ ಹತ್ತಿರವಾದ ಒಂದು ಮಿಶ್ರಣ ತಯಾರಿಸಿದರು, ಅದರಲ್ಲಿ ಇನ್ನೊಂದು ರೋವರನ್ನು ಬೇಕೆಂದೇ ಹೂತರು, ಹೊರಗೆ ತೆಗೆಯುವ ಬಗೆಬಗೆಯ ಉಪಾಯಗಳನ್ನು ಅಭ್ಯಾಸ ಮಾಡಿದರು. ಆಮೇಲಷ್ಟೇ ಮಂಗಳಕ್ಕೆ ಆದೇಶ ಹೋಯಿತು: ಒಂದಿಷ್ಟು ತಿರುಗು, ನಿಲ್ಲು, ಚಿತ್ರ ಕಳಿಸು. ಜೂನ್ 4ರಂದು ಅದು ಹೊರಬರುವ ಹೊತ್ತಿಗೆ ಚಕ್ರಗಳು 192 ಮೀಟರ್ ಹೋಗುವಷ್ಟು ತಿರುಗಿದ್ದವು. ಗಾಡಿ ಸರಿದದ್ದು ಬರೀ ಒಂದು ಮೀಟರ್. ಆ ದಿಣ್ಣೆಗೆ ವಿಜ್ಞಾನಿಗಳು ‘ಪರ್ಗಟರಿ’ ಎಂದು ಹೆಸರಿಟ್ಟರು. ಕ್ಯಾಥೊಲಿಕ್ ಕ್ರೈಸ್ತರ ನಂಬಿಕೆಯಲ್ಲಿ ಸ್ವರ್ಗಕ್ಕೆ ಹೋಗುವ ಮುನ್ನ ಆತ್ಮ ಪಾಪ ತೊಳೆದುಕೊಳ್ಳುತ್ತ ಕಾಯುವ ಜಾಗವದು. ಐದು ವಾರ ಕಾದವರು ಇಟ್ಟ ಹೆಸರು, ಇನ್ನೇನು ಇಟ್ಟಾರು!

ಸ್ವಯಂಚಾಲಿತ ರೋಬಾಟ್ ಎಂದೊಡನೆ ನಮಗೆಲ್ಲ ಹೊಳೆಯುವ ಪ್ರಶ್ನೆ ಒಂದೇ: ಎದುರಿಗೆ ಏನಿದೆಯೆಂದು ಅದಕ್ಕೆ ಗೊತ್ತಾಗುತ್ತದೆಯೇ? ಬಂಡೆ ಕಾಣುತ್ತದೆಯೇ, ದನ ಅಡ್ಡ ಬಂದರೆ ನಿಲ್ಲುತ್ತದೆಯೇ? ಪತ್ರಿಕೆಗಳಲ್ಲಿ ಬರುವುದೂ ಇದೇ, ಕಂಪನಿಗಳ ವಿಡಿಯೊಗಳಲ್ಲಿ ತೋರಿಸುವುದೂ ಇದೇ. ಆದರೆ ಗೋಡೆ, ಚಾವಣಿ, ಸಪಾಟು ನೆಲ ಬಿಟ್ಟು ಹೊರಗೆ ಬಂದ ಯಂತ್ರಗಳು ಎಲ್ಲೆಲ್ಲಿ ಮುಗ್ಗರಿಸಿವೆಯೆಂದು ನೋಡುತ್ತ ಹೋದರೆ ಇನ್ನೊಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ನಾನು ಎಲ್ಲಿದ್ದೇನೆ, ನಿಜಕ್ಕೂ ಚಲಿಸುತ್ತಿದ್ದೇನೆಯೇ, ನೆಟ್ಟಗೆ ನಿಂತಿದ್ದೇನೆಯೇ, ನನ್ನ ಕಣ್ಣು ಹೇಳುತ್ತಿರುವುದನ್ನು ಈಗ ನಂಬಬಹುದೇ? ಹೊರಗಿನದನ್ನು ಕಾಣುವುದಕ್ಕಿಂತ ತನ್ನದೇ ಸ್ಥಿತಿ ತಿಳಿದುಕೊಳ್ಳುವುದು ಯಂತ್ರಕ್ಕೆ ಕಷ್ಟ.

ಪರ್ಗಟರಿಯ ನಂತರ ಬಂದ ಪರಿಹಾರದಲ್ಲೂ ಇದು ಕಾಣುತ್ತದೆ. ರೋವರ್ ಒಂದಿಷ್ಟು ದೂರ ಹೋಗಿ ನಿಂತು, ಹಿಂದಿನ ಚಿತ್ರದಲ್ಲಿದ್ದ ಕಲ್ಲುಗಳು ಈಗಿನ ಚಿತ್ರದಲ್ಲಿ ಎಲ್ಲಿಗೆ ಸರಿದಿವೆಯೆಂದು ಹೋಲಿಸುತ್ತದೆ. ಕಲ್ಲು ಸರಿದಿದ್ದರೆ ತಾನು ಸರಿದಿದ್ದೇನೆ. ಇಲ್ಲದಿದ್ದರೆ ಚಕ್ರ ಜಾರುತ್ತಿದೆ, ಅಲ್ಲೇ ನಿಲ್ಲಬೇಕು. ಈ ಉಪಾಯ ರೋವರಿನಲ್ಲಿ ಮೊದಲೇ ಇತ್ತು, ಆದರೆ ದುಬಾರಿ. ಅದರ ಪ್ರೊಸೆಸರ್ ಓಡುತ್ತಿದ್ದದ್ದು 20 ಮೆಗಾಹರ್ಟ್ಜ್‌ನಲ್ಲಿ, ಈಗ ನಮ್ಮ ಕಿಸೆಯಲ್ಲಿರುವ ಫೋನಿನ ನೂರರಲ್ಲೊಂದು ಪಾಲೂ ಅಲ್ಲ. ಒಂದೊಂದು ಹೋಲಿಕೆಗೂ ಎರಡು-ಮೂರು ನಿಮಿಷ ಬೇಕಿತ್ತು. ಇಳಿಜಾರಿನಂಥ ಕಡೆ ಮಾತ್ರ ಅದನ್ನು ಬಳಸಿ, ಬಯಲು ಸಿಕ್ಕಲ್ಲಿ ಚಕ್ರದ ಲೆಕ್ಕ ನಂಬಿ ಓಡಿಸುತ್ತಿದ್ದರು. ದಿಣ್ಣೆಯ ಪಾಠವಾದ ಮೇಲೆ ಬಯಲಿನಲ್ಲೂ ಆಗಾಗ ನಿಂತು ನೋಡಿಕೊಳ್ಳುವುದು ಕಡ್ಡಾಯವಾಯಿತು. ವೇಗ ಕುಸಿಯಿತು. 90 ಮಂಗಳದಿನಗಳಿಗೆಂದು ಕಳಿಸಿದ್ದ ಆ ಗಾಡಿ 2018ರ ಧೂಳಿನ ಬಿರುಗಾಳಿಯವರೆಗೆ 45 ಕಿ.ಮೀ.ಗಿಂತ ಹೆಚ್ಚು ನಡೆಯಿತು.

ಭೂಮಿಯ ಮೇಲೆ ಇದೇ ಪಾಠ ಒಂದು ವರ್ಷ ಮುಂಚೆಯೇ, ಇಡೀ ಜಗತ್ತಿನ ಎದುರಿಗೆ ನಡೆದಿತ್ತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2004ರ ಮಾರ್ಚ್ 13ರಂದು ಮೊಹಾವಿ ಮರುಭೂಮಿಯಲ್ಲಿ ಚಾಲಕರಿಲ್ಲದ ವಾಹನಗಳ ಸ್ಪರ್ಧೆ ಏರ್ಪಡಿಸಿತು. ಕ್ಯಾಲಿಫೋರ್ನಿಯಾದ ಬಾರ್ಸ್ಟೋದಿಂದ ನೆವಾಡಾದ ಪ್ರಿಮ್‌ವರೆಗೆ ಸುಮಾರು 228 ಕಿ.ಮೀ., ಬಹುಮಾನ ಹತ್ತು ಲಕ್ಷ ಡಾಲರ್. ಯಾವ ವಾಹನವೂ ಗುರಿಯ ಹತ್ತಿರಕ್ಕೂ ಸುಳಿಯಲಿಲ್ಲ. ಒಂದು ಮೋಟರ್‌ಸೈಕಲ್ ಹೊರಟ ಜಾಗದಲ್ಲೇ ಉರುಳಿತು. ಸಮತೋಲನದ ಸ್ವಿಚ್ ಹಾಕುವುದನ್ನು ಜೊತೆಗಿದ್ದವರು ಮರೆತಿದ್ದರು. ಟನ್ನುಗಟ್ಟಲೆ ತೂಗುವ ಆರು ಚಕ್ರದ ಮಿಲಿಟರಿ ಟ್ರಕ್ಕೊಂದು ದಾರಿಬದಿಯ ಪೊದೆಗಳನ್ನು ಕಂಡು ಹಿಂದೆ ಸರಿಯಿತು, ಮುಂದೆ ಬಂತು, ಮತ್ತೆ ಹಿಂದೆ ಸರಿಯಿತು, ಎರಡು ಕಿ.ಮೀ. ಮುಗಿಯುವ ಮುನ್ನವೇ ಅದರ ಆಟ ನಿಂತಿತು. ತಾನು ಅವನ್ನು ತುಳಿದುಕೊಂಡು ಹೋಗಬಲ್ಲ ಗಾತ್ರದವನೆಂಬುದು ಅದಕ್ಕೆ ಗೊತ್ತಿರಲಿಲ್ಲ.

ಎಲ್ಲರಿಗಿಂತ ದೂರ ಹೋದದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಸ್ಯಾಂಡ್‌ಸ್ಟಾರ್ಮ್’, ಹಳೆಯ ಹಮ್ವಿ ಗಾಡಿಯ ಮೇಲೆ ಕಟ್ಟಿದ ಯಂತ್ರ. ಸುಮಾರು 12 ಕಿ.ಮೀ. ಆದ ಮೇಲೆ ಒಂದು ಕಡಿದಾದ ತಿರುವಿನಲ್ಲಿ ಅದು ದಾರಿಯ ಅಂಚಿನ ಮಣ್ಣಿನ ದಿಬ್ಬಕ್ಕೆ ಹತ್ತಿತು. ಹೊಟ್ಟೆ ನೆಲಕ್ಕೆ ಕಚ್ಚಿಕೊಂಡಿತು. ಮುಂದಿನ ಚಕ್ರಗಳು ಹೊಗೆಯೆದ್ದು ರಬ್ಬರ್ ಹೊತ್ತಿಕೊಳ್ಳುವವರೆಗೂ ತಿರುಗಿದವು. ಲೇಸರ್, ರೇಡಾರ್, ಜಿಪಿಎಸ್ ಎಲ್ಲವೂ ಮೇಲೆ ಕೂತಿದ್ದವು. ಟೈರು ಸುಡುತ್ತಿರುವ ವಾಸನೆ ಮಾತ್ರ ಯಾವುದಕ್ಕೂ ತಿಳಿಯಲಿಲ್ಲ. ಮಂಗಳದ ದಿಣ್ಣೆಯೂ ಮೊಹಾವಿಯ ದಿಬ್ಬವೂ ಕೋಟ್ಯಂತರ ಕಿ.ಮೀ. ಅಂತರದಲ್ಲಿವೆ, ತಪ್ಪು ಒಂದೇ.

ಮುಂದಿನ ವರ್ಷ, 2005ರ ಅಕ್ಟೋಬರ್ 8ರಂದು, ಅದೇ ಮರುಭೂಮಿಯಲ್ಲಿ 212 ಕಿ.ಮೀ. ದೂರವನ್ನು ಐದು ವಾಹನಗಳು ಪೂರೈಸಿದವು. ಹದಿನೆಂಟು-ಹತ್ತೊಂಬತ್ತು ತಿಂಗಳಲ್ಲಿ ಮರುಭೂಮಿ ಬದಲಾಗಿರಲಿಲ್ಲ, ಸೆನ್ಸರುಗಳೂ ಹೆಚ್ಚುಕಡಿಮೆ ಅವೇ. ಗೆದ್ದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸ್ಟ್ಯಾನ್ಲಿ’: ಸೆಬಾಸ್ಟಿಯನ್ ಥ್ರುನ್ ಮುಂದಾಳತ್ವದ ತಂಡ ಒಂದು ಫೋಕ್ಸ್‌ವ್ಯಾಗನ್ ಟೂವಾರೆಗ್ ಕಾರಿನ ಮೇಲೆ ಕಟ್ಟಿದ್ದು. 6 ಗಂಟೆ 54 ನಿಮಿಷ. ಅದು ಹೇಗೆ ಗೆದ್ದಿತೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ವಿಷಯದ ತಿರುಳು ಅಲ್ಲಿದೆ.

ಸ್ಟ್ಯಾನ್ಲಿಯ ನೆತ್ತಿಯ ಮೇಲೆ ಐದು ಲೇಸರ್ ಸಾಧನಗಳಿದ್ದವು. ಪ್ರತಿಯೊಂದೂ ಮುಂದಿನ ನೆಲದ ಮೇಲೆ ಅಡ್ಡಗೆರೆ ಎಳೆದಂತೆ ಅಳೆಯುತ್ತ, ಗಾಡಿ ಮುಂದೆ ಸರಿದಂತೆ ಆ ಗೆರೆಗಳನ್ನು ಜೋಡಿಸಿ ನೆಲದ ಏರಿಳಿತದ ನಕ್ಷೆ ಬರೆಯುತ್ತಿತ್ತು. ಹಳ್ಳಕೊಳ್ಳದ ದಾರಿಯಲ್ಲಿ ಗಾಡಿಯ ಮೂತಿ ಎದ್ದು ಬೀಳುತ್ತಲೇ ಇರುತ್ತದಷ್ಟೆ. ತನ್ನ ಮೂತಿ ಎಷ್ಟು ಬಾಗಿದೆಯೆಂಬ ಅಂದಾಜಿನಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಸಾಕು, 30 ಮೀಟರ್ ದೂರದ ಸಪಾಟು ನೆಲ ಸುಮಾರು 26 ಸೆಂ.ಮೀ. ಎತ್ತರದ ಕಟ್ಟೆಯಾಗಿ ಕಾಣುತ್ತದೆ. ಇಲ್ಲದ ಗೋಡೆಗೆ ಹೆದರಿ ಯಂತ್ರ ಸ್ಟೀರಿಂಗ್ ತಿರುಗಿಸುತ್ತದೆ, ಇರುವ ಹಳ್ಳಕ್ಕೆ ಬೀಳುತ್ತದೆ. ಆರಂಭದ ಪರೀಕ್ಷೆಗಳಲ್ಲಿ ಸ್ಟ್ಯಾನ್ಲಿಗೂ ಇಂಥ ಭ್ರಮೆಗಳು ಧಾರಾಳವಾಗಿದ್ದವು.

ತಂಡ ಇದಕ್ಕೆ ಹೊಸ ಸೆನ್ಸರ್ ಕೊಳ್ಳಲಿಲ್ಲ. ಎರಡು ಅಳತೆಗಳ ನಡುವೆ ಸಮಯ ಕಳೆದಷ್ಟೂ ಅವುಗಳ ಹೋಲಿಕೆಯ ಮೇಲಿನ ನಂಬಿಕೆ ಕಡಿಮೆ ಮಾಡಿಕೊಳ್ಳಬೇಕೆಂದು ಯಂತ್ರಕ್ಕೆ ಕಲಿಸಿತು. ಎಷ್ಟು ಕಡಿಮೆ ಮಾಡಬೇಕು? ಅದನ್ನೂ ಮೇಜಿನ ಮುಂದೆ ಕೂತು ಊಹಿಸಲಿಲ್ಲ. ಮನುಷ್ಯ ಚಾಲಕನೊಬ್ಬ ಗಾಡಿಯನ್ನು ಮರುಭೂಮಿಯಲ್ಲಿ ಓಡಿಸಿದ. ಅವನ ಚಕ್ರ ಹರಿದ ಜಾಗವೆಲ್ಲ ದಾರಿ. ಅಲ್ಲಿ ಯಂತ್ರಕ್ಕೆ ಗೋಡೆ ಕಂಡಿದ್ದರೆ ಅದು ಭ್ರಮೆ. ಹೀಗೆ ತನ್ನ ಅನುಮಾನದ ಅಳತೆಯನ್ನು ಸ್ಟ್ಯಾನ್ಲಿ ತಾನೇ ತಿದ್ದಿಕೊಂಡಿತು.

ಇನ್ನೂ ಒಂದು ಜಾಣತನವಿತ್ತು. ಲೇಸರ್ ನಂಬಿಕಸ್ಥ, ಆದರೆ ಇಪ್ಪತ್ತು ಚಿಲ್ಲರೆ ಮೀಟರಿನಾಚೆ ಅದರ ಮಾತು ನಡೆಯದು. ಕ್ಯಾಮೆರಾ ದೂರ ನೋಡುತ್ತದೆ, ಆದರೆ ಬಣ್ಣ ಬಿಟ್ಟು ಬೇರೇನೂ ಹೇಳದು. ಬಿಸಿಲು ಬದಲಾದರೆ ಮರಳಿನ ಬಣ್ಣವೂ ಬದಲು. ಆದ್ದರಿಂದ ಲೇಸರ್ ‘ಇದು ದಾರಿ’ ಎಂದು ಖಚಿತ ಹೇಳಿದ ತುಣುಕು ಈ ಕ್ಷಣ ಯಾವ ಬಣ್ಣದಲ್ಲಿದೆಯೆಂದು ಕ್ಯಾಮೆರಾ ಕ್ಷಣಕ್ಷಣವೂ ಕಲಿತು, ಅದೇ ಬಣ್ಣ ಮುಂದೆ ಎಲ್ಲಿಯವರೆಗೆ ಹಬ್ಬಿದೆಯೆಂದು 70 ಮೀಟರಿನವರೆಗೂ ನೋಡುತ್ತಿತ್ತು. ಅಷ್ಟಾದರೂ ಕ್ಯಾಮೆರಾದ ಮಾತು ಕೇಳಿ ಸ್ಟೀರಿಂಗ್ ತಿರುಗಿಸುತ್ತಿರಲಿಲ್ಲ. ದೂರದಲ್ಲಿ ಏನೋ ಸರಿಯಿಲ್ಲ ಎಂದು ಕ್ಯಾಮೆರಾ ಹೇಳಿದರೆ ಗಾಡಿ ನಿಧಾನಿಸುತ್ತಿತ್ತು, ಲೇಸರಿಗೆ ಅದು ಕಾಣುವವರೆಗೆ. ನನ್ನ ದೃಷ್ಟಿಯಲ್ಲಿ ಆ ಸ್ಪರ್ಧೆಯ ಅತ್ಯಂತ ಬುದ್ಧಿವಂತ ಸಾಲು ಇದೇ: ಅರೆನಂಬಿಕೆಗೆ ಬ್ರೇಕು, ಪೂರ್ಣ ನಂಬಿಕೆಗೆ ಮಾತ್ರ ಸ್ಟೀರಿಂಗು.

ಹಾರುವ ಯಂತ್ರಕ್ಕೆ ಬ್ರೇಕು ಹಾಕಿ ನಿಂತು ಯೋಚಿಸುವ ಸೌಕರ್ಯವೂ ಇಲ್ಲ. ಮಂಗಳದ ಇಂಜೆನ್ಯುಯಿಟಿ ಹೆಲಿಕಾಪ್ಟರ್ 2021ರ ಮೇ 22ರಂದು ತನ್ನ ಆರನೇ ಹಾರಾಟದಲ್ಲಿದ್ದಾಗ, ಸುಮಾರು 54 ಸೆಕೆಂಡ್ ಆಗುವ ಹೊತ್ತಿಗೆ, ನೆಲ ನೋಡುವ ಕ್ಯಾಮೆರಾದ ಒಂದೇ ಒಂದು ಚಿತ್ರ ಕಳೆದುಹೋಯಿತು. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಒಂದು ಚಿತ್ರ ಯಾವ ಲೆಕ್ಕ? ಆದರೆ ಆ ಒಂದು ತಪ್ಪಿದ್ದರಿಂದ ಅದರ ನಂತರದ ಚಿತ್ರಗಳಿಗೆಲ್ಲ ತಪ್ಪು ಸಮಯದ ಮುದ್ರೆ ಬಿತ್ತು. ಕಂಡದ್ದು ಸರಿ, ಕಂಡದ್ದು ಯಾವಾಗ ಎಂಬುದು ತಪ್ಪು. ತಾನು ಓಲಾಡುತ್ತಿದ್ದೇನೆಂದು ಭಾವಿಸಿ ಅದು ಸರಿಪಡಿಸಿಕೊಳ್ಳಲು ಹೋಯಿತು, ಸರಿಪಡಿಸಿಕೊಂಡದ್ದರಿಂದಲೇ ನಿಜವಾಗಿ ಓಲಾಡಿತು, 20 ಡಿಗ್ರಿಗಿಂತಲೂ ಹೆಚ್ಚು ಹಿಂದೆ ಮುಂದೆ ವಾಲಿತು. ಅದನ್ನು ಉಳಿಸಿದ್ದು ವಿನ್ಯಾಸದಲ್ಲಿ ಮೊದಲೇ ಇಟ್ಟಿದ್ದ ಒಂದು ಎಚ್ಚರಿಕೆ: ಇಳಿಯುವ ಕೊನೆಯ ಘಟ್ಟದಲ್ಲಿ ಕ್ಯಾಮೆರಾದ ಮಾತಿಗೆ ಕಿವಿಗೊಡಬಾರದು. ಕೆಳಗೆ ಧೂಳೆದ್ದರೆ ಗೊಂದಲವಾದೀತೆಂದು ಇಟ್ಟ ನಿಯಮ ಬೇರೆಯದೇ ಕಾಯಿಲೆಗೆ ಮದ್ದಾಯಿತು. ಇಳಿಯಬೇಕಿದ್ದ ಜಾಗದಿಂದ ಸುಮಾರು ಐದು ಮೀಟರಿನೊಳಗೆ ಕ್ಷೇಮವಾಗಿ ಇಳಿಯಿತು.

ಐದು ಹಾರಾಟಕ್ಕೆಂದು ಮಾಡಿದ್ದ ಹೆಲಿಕಾಪ್ಟರ್ 72 ಸಲ ಹಾರಿತು. 72ನೆಯದು, 2024ರ ಜನವರಿ 18ರದು, ಕೊನೆಯದಾಯಿತು. ಅಂದು ಬಂಡೆ ಅಡ್ಡ ಬಂದಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ. ಕೆಳಗೆ ಇದ್ದದ್ದು ನುಣುಪಾದ ಮರಳಿನ ಅಲೆಗಳು ಮಾತ್ರ. ಗುರುತು ಹಿಡಿಯಲು ಕಲ್ಲಿಲ್ಲ, ಬಿರುಕಿಲ್ಲ. ತಾನು ಎಷ್ಟು ವೇಗದಲ್ಲಿ ಪಕ್ಕಕ್ಕೆ ಜಾರುತ್ತಿದ್ದೇನೆಂದು ತಿಳಿಯಲು ಕ್ಯಾಮೆರಾಕ್ಕೆ ಏನೂ ಸಿಗಲಿಲ್ಲ. ಪಕ್ಕಕ್ಕೆ ಜಾರುತ್ತಲೇ ಇಳಿಜಾರು ಮರಳಿಗೆ ಬಡಿಯಿತು, ರೆಕ್ಕೆಗಳು ಮುರಿದವು. ಅಡೆತಡೆಯೇ ಇಲ್ಲದ ನೆಲ ನಮಗೆ ಸುಲಭದ ದಾರಿಯಾಗಿ ಕಾಣುತ್ತದೆ. ಇಂಥ ಯಂತ್ರಕ್ಕೆ ಅದೇ ಕುರುಡು.

ಇಷ್ಟೆಲ್ಲ ಹೇಳುವಾಗ ನಮ್ಮ ಪ್ರಗ್ಯಾನ್ ರೋವರ್ ನೆನಪಾಗದೆ ಇರದು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ವಿಕ್ರಮ್ ಆ ಕೊನೆಯ ನಿಮಿಷಗಳಲ್ಲಿ ತನ್ನ ತೀರ್ಮಾನವನ್ನು ತಾನೇ ಮಾಡಿತು, ಬೆಂಗಳೂರಿನಿಂದ ಯಾರೂ ಸ್ಟೀರಿಂಗ್ ಹಿಡಿಯಲಿಲ್ಲ. ಆದರೆ ಅದರ ಹೊಟ್ಟೆಯಿಂದ ಹೊರಬಂದ 26 ಕಿಲೊ ತೂಕದ ರೋವರಿನ ಕಥೆ ಬೇರೆ. ಅದರ ಕ್ಯಾಮೆರಾಗಳು ತೆಗೆದ ಚಿತ್ರಗಳಿಂದ ನೆಲದ ನಕ್ಷೆ ತಯಾರಾಗುತ್ತಿದ್ದದ್ದು ಭೂಮಿಯ ಮೇಲೆ, ಮುಂದಿನ ಹೆಜ್ಜೆ ತೀರ್ಮಾನವಾಗುತ್ತಿದ್ದದ್ದು ಬೆಂಗಳೂರಿನಲ್ಲಿ. ನಕ್ಷೆಗೆ ಸಿಗುತ್ತಿದ್ದ ನೆಲ ಹೆಚ್ಚೆಂದರೆ ಐದು ಮೀಟರ್. ಹಾಗಾಗಿ ಒಂದು ಸಲಕ್ಕೆ ಐದು ಮೀಟರಿಗಿಂತ ಹೆಚ್ಚು ಹೋಗುವಂತಿರಲಿಲ್ಲ. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಾಗ, ಬಂದ ದಾರಿಗೇ ಹಿಂದಿರುಗು ಎಂದು ಆದೇಶ ಹೋಯಿತು. ಸೆಪ್ಟೆಂಬರ್ 2ರಂದು ಮಲಗಿಸುವ ಹೊತ್ತಿಗೆ ನೂರು ಮೀಟರಿಗಿಂತ ತುಸು ಹೆಚ್ಚು ನಡೆದಿತ್ತು.

ಆಗ ಕೆಲವರು ಮೂಗು ಮುರಿದಿದ್ದುಂಟು: ನಾಸಾದ ಪರ್ಸಿವಿಯರೆನ್ಸ್ ತಾನಾಗಿಯೇ ಓಡುತ್ತದೆ, ನಮ್ಮದನ್ನು ಕೈಹಿಡಿದು ನಡೆಸಬೇಕು ಎಂದು. ಪರ್ಸಿವಿಯರೆನ್ಸ್ ತಾನಾಗಿಯೇ ಓಡುವುದು ನಿಜ. ಮೊದಲ ಮಂಗಳವರ್ಷದಲ್ಲಿ ಅದು ನಡೆದ 17.7 ಕಿ.ಮೀ.ಯಲ್ಲಿ ಶೇ 88ರಷ್ಟು ದಾರಿಯನ್ನು ಅದರದೇ ಸಾಫ್ಟ್‌ವೇರ್ ನೋಡಿಕೊಂಡಿತು. ಅದಕ್ಕೆ ಕಾರಣವೂ ಇದೆ. ಮಂಗಳಕ್ಕೆ ಒಂದು ಮಾತು ತಲುಪಲು ಮೂರರಿಂದ ಇಪ್ಪತ್ತೆರಡು ನಿಮಿಷ ಬೇಕು, ಚಂದ್ರನಿಗೆ ಒಂದೂಕಾಲು ಸೆಕೆಂಡ್. ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುವವನಿಗೆ ಸ್ವಂತ ಬುದ್ಧಿ ತುಂಬಿ ಕಳಿಸುವ ಖರ್ಚು, ತೂಕ, ಅಪಾಯ ಏಕೆ? ಹದಿನಾಲ್ಕು ದಿನದ ಆಯುಸ್ಸಿನ ಪುಟ್ಟ ಗಾಡಿಗೆ ಐದು ಮೀಟರಿಗೊಮ್ಮೆ ನಿಲ್ಲುವುದೇ ಸರಿಯಾದ ಎಂಜಿನಿಯರಿಂಗ್. ಸ್ವಾಯತ್ತತೆ ಎಷ್ಟಿರಬೇಕೆಂಬುದನ್ನು ದೂರ, ಸಮಯ, ಕಳೆದುಕೊಳ್ಳಬಹುದಾದ ಮೊತ್ತ ಈ ಮೂರೂ ಸೇರಿ ತೀರ್ಮಾನಿಸುತ್ತವೆ, ಪ್ರತಿಷ್ಠೆಯಲ್ಲ.

ಒಂದು ವಿಷಯದಲ್ಲಿ ಭೂಮಿ ಮಂಗಳಕ್ಕಿಂತ ಕಷ್ಟ: ಇಲ್ಲಿ ಗಿಡ ಬೆಳೆಯುತ್ತದೆ, ಮಳೆ ಬರುತ್ತದೆ. ಮಲೆನಾಡಿನ ಒಂದು ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಮೇಲೆ ಗರಿಗಳ ಚಪ್ಪರ, ಜಿಪಿಎಸ್ ಸಂಕೇತ ಸೊರಗುತ್ತದೆ. ಮರಗಳೆಲ್ಲ ಒಂದೇ ತೆರ, ಗುರುತಿಗೆ ಹಿಡಿಯಲು ಬೇರೆ ಬೇರೆ ಮುಖಗಳಿಲ್ಲ. ಮೊಣಕಾಲೆತ್ತರದ ಹುಲ್ಲನ್ನೂ ಅಷ್ಟೇ ಎತ್ತರದ ಬಂಡೆಯನ್ನೂ ಲೇಸರ್ ಹೆಚ್ಚುಕಡಿಮೆ ಒಂದೇ ಥರ ಅಳೆಯುತ್ತದೆ. ಒಂದನ್ನು ತಳ್ಳಿಕೊಂಡು ಹೋಗಬಹುದು, ಇನ್ನೊಂದಕ್ಕೆ ಗುದ್ದಿದರೆ ಮುಗಿಯಿತು. ನಿಂತ ನೀರಿಗೆ ಬಿದ್ದ ಲೇಸರ್ ಕಿರಣ ಹಿಂದಿರುಗದೆ ಬೇರೆತ್ತಲೋ ಹೋಗಿಬಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬಸಿಗಾಲುವೆ. ನೆಲದಿಂದ ಮೇಲೆದ್ದದ್ದು ದೂರದಿಂದಲೇ ಕಾಣುತ್ತದೆ, ಕೆಳಗಿಳಿದದ್ದು ಅಂಚಿಗೆ ಬರುವವರೆಗೆ ಕಾಣುವುದಿಲ್ಲ. ಅದರ ಮೇಲೊಂದು ಒಣ ಸೋಗೆ ಅಡ್ಡ ಬಿದ್ದಿದ್ದರಂತೂ ಯಂತ್ರಕ್ಕೆ ಅದು ಸಪಾಟು ದಾರಿ. ತೋಟದ ಆಳು ಸೋಗೆಯ ಮೇಲೆ ಕಾಲಿಡುವ ಮುನ್ನ ಭಾರ ಹಾಕದೆ ಒಮ್ಮೆ ಒತ್ತಿ ನೋಡುತ್ತಾನೆ. ಸ್ಟ್ಯಾನ್ಲಿಯ ಸಾಫ್ಟ್‌ವೇರಿನಲ್ಲಿ ಬರೆದದ್ದೂ ಅದೇ ನಡವಳಿಕೆಯ ಗಣಿತ ರೂಪ.

ಜಿಪಿಎಸ್ ಇಲ್ಲದೆಯೂ ತನ್ನ ಜಾಗ ತಿಳಿಯಬಲ್ಲ ಯಂತ್ರಗಳಿಗಾಗಿ ಡಾರ್ಪಾ ಇನ್ನೊಂದು ಸ್ಪರ್ಧೆ ನಡೆಸಿತು, ನೆಲದಡಿ. 2021ರ ಸೆಪ್ಟೆಂಬರ್‌ನಲ್ಲಿ ಕೆಂಟಕಿಯ ಲೂಯಿವಿಲ್‌ನ ಬೃಹತ್ ಗವಿಯೊಳಗೆ ಅದರ ಅಂತಿಮ ಸುತ್ತು. ಕತ್ತಲೆಯಲ್ಲಿ ಬಿದ್ದಿರುವ ಬೆನ್ನುಚೀಲ, ಫೋನುಗಳಂಥ ವಸ್ತುಗಳನ್ನು ಹುಡುಕಿದರಷ್ಟೇ ಸಾಲದು, ಅವು ಇರುವ ಜಾಗವನ್ನು ಐದು ಮೀಟರಿನೊಳಗೆ ಸರಿಯಾಗಿ ಹೇಳಬೇಕು. ಕಂಡರೂ ಜಾಗ ತಪ್ಪಾಗಿ ಹೇಳಿದರೆ ಅಂಕವಿಲ್ಲ. ನಾಲ್ಕು ಕಾಲಿನ ರೋಬಾಟುಗಳನ್ನು ಇಳಿಸಿದ್ದ ಸೆರ್ಬೆರಸ್ ತಂಡ ಗೆದ್ದಿತು. ಎರಡನೆಯ ಸ್ಥಾನಕ್ಕೆ ಬಂದ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ತಂಡಕ್ಕೂ ಅಷ್ಟೇ ಅಂಕ, 23. ಕೊನೆಯ ಅಂಕ ಯಾರು ಮೊದಲು ಗಳಿಸಿದರು ಎಂದು ನೋಡಿ ಬಹುಮಾನ ಕೊಡಬೇಕಾಯಿತು.

ಅದೇ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ಕಬ್ಬಿಣದ ಅದಿರಿನ ಗಣಿಗಳಲ್ಲಿ ತದ್ವಿರುದ್ಧವಾದ ದಾರಿ ಹಿಡಿದಿದ್ದಾರೆ. ರಿಯೊ ಟಿಂಟೊ ಕಂಪನಿಯ ದೈತ್ಯ ಟ್ರಕ್ಕುಗಳು 2008ರಿಂದ ಅಲ್ಲಿ ಚಾಲಕರಿಲ್ಲದೆ ಅದಿರು ಸಾಗಿಸುತ್ತಿವೆ, ಸುಮಾರು 1,500 ಕಿ.ಮೀ. ದೂರದ ಪರ್ತ್‌ನಲ್ಲಿ ಕೂತವರು ನಿಗಾ ಇಡುತ್ತಾರೆ. ಅಲ್ಲಿ ಟ್ರಕ್ಕಿಗೆ ಬುದ್ಧಿ ಹೆಚ್ಚಿಸುವುದಕ್ಕಿಂತ ಜಾಗವನ್ನೇ ಹದಕ್ಕೆ ತಂದಿದ್ದಾರೆ: ರಸ್ತೆ ಹರವಾಗಿ ನಯವಾಗಿರುತ್ತದೆ, ಆ ವಲಯದೊಳಗೆ ಯಾರು ಯಾವ ವಾಹನದಲ್ಲಿ ಬಂದರೂ ವ್ಯವಸ್ಥೆಗೆ ಗೊತ್ತಿರುತ್ತದೆ. ಗಣಿಗೆ ಇದು ಸಾಧ್ಯ. ನಮ್ಮ ಕಾಲುದಾರಿಗೆ, ತೋಟಕ್ಕೆ, ಕಾಡಿಗೆ ಸಾಧ್ಯವಿಲ್ಲ. ಕೃಷಿ ಮೇಳಗಳಲ್ಲಿ ಸ್ವಯಂಚಾಲಿತ ಯಂತ್ರ ತೋರಿಸುವವರು ನೀರು ಚಿಮುಕಿಸಿ ರೋಲರ್ ಹೊಡೆದ ಅಂಗಳದಲ್ಲಿ ಅದನ್ನು ಓಡಿಸುವುದನ್ನು ಕಂಡಾಗ ನನಗೆ ಕೇಳಬೇಕೆನಿಸುವುದು ಅದು ಏನೇನು ಮಾಡುತ್ತದೆಂದಲ್ಲ. ಯಾವಾಗ ನಿಲ್ಲುತ್ತದೆ, ನಿಂತದ್ದನ್ನು ಯಾರಿಗೆ ಹೇಳುತ್ತದೆ, ಗಂಟೆಗೆ ಎಷ್ಟು ಸಲ ಒಬ್ಬ ಮನುಷ್ಯ ಓಡಿಹೋಗಿ ಅದನ್ನು ಎತ್ತಿ ನಿಲ್ಲಿಸಬೇಕು ಎಂದು. ಉತ್ತರದ ಕಾಲಂ ಖಾಲಿ ಇದ್ದರೆ ಕೊಳ್ಳುವ ಮಾತು ಮುಂದೂಡುವುದು ಲೇಸು.

ಹೊರಗಿನದರ ಮೇಲೆ ಎಷ್ಟು ಕಣ್ಣಿಟ್ಟರೂ ಒಳಗಿನದು ಹೇಗೆ ತಪ್ಪಿಹೋಗುತ್ತದೆ ಎಂಬುದಕ್ಕೆ 2005ರ ಅದೇ ಮರುಭೂಮಿಯ ಸ್ಪರ್ಧೆಯಲ್ಲಿ ಇನ್ನೊಂದು ಕಥೆಯಿದೆ. ಕಾರ್ನೆಗಿ ಮೆಲನ್ ತಂಡ ಆ ವರ್ಷ ಎರಡು ಗಾಡಿ ಇಳಿಸಿತ್ತು. ಅವುಗಳಲ್ಲಿ ‘ಹೈಲ್ಯಾಂಡರ್’ ಗೆದ್ದೇ ಗೆಲ್ಲುತ್ತದೆಂದು ಬಹಳ ಜನ ನಂಬಿದ್ದರು. ಮೊದಲು ಅದೇ ಮುಂದಿತ್ತು. ಆಮೇಲೆ ಏರು ಬಂದಲ್ಲೆಲ್ಲ ಎಂಜಿನ್ ಸೊರಗತೊಡಗಿತು, 160 ಕಿ.ಮೀ. ದಾಟುವ ಹೊತ್ತಿಗೆ ಸ್ಟ್ಯಾನ್ಲಿ ಅದನ್ನು ಹಿಂದಿಕ್ಕಿತು. ದಾರಿ ಕಾಣುವುದರಲ್ಲಿ, ತಿರುವು ತೆಗೆದುಕೊಳ್ಳುವುದರಲ್ಲಿ ಅದರ ಸಾಫ್ಟ್‌ವೇರ್ ತಪ್ಪಿರಲಿಲ್ಲ. ಎಂಜಿನಿಗೆ ಏನಾಯಿತೆಂಬುದು ತಂಡಕ್ಕೆ ವರ್ಷಗಟ್ಟಲೆ ತಿಳಿಯಲಿಲ್ಲ. 12 ವರ್ಷಗಳ ನಂತರ, ಹಳೆಯ ಗೆಳೆಯರೆಲ್ಲ ಸೇರಿದ್ದ ಸಂದರ್ಭದಲ್ಲಿ, ಅದು ಅಕಸ್ಮಾತ್ತಾಗಿ ಗೊತ್ತಾಯಿತು. ಎಂಜಿನ್ ಮತ್ತು ಅದರ ಕಂಪ್ಯೂಟರಿನ ನಡುವೆ ಒಂದು ವಿದ್ಯುತ್ ಫಿಲ್ಟರ್ ಇತ್ತು. ಅದನ್ನು ಸ್ವಲ್ಪ ಒತ್ತಿದರೆ ಸಾಕು, ಎಂಜಿನ್ ಬಲ ಕಳೆದುಕೊಳ್ಳುತ್ತಿತ್ತು. ಸ್ಪರ್ಧೆಗೆ ಕೆಲವೇ ವಾರಗಳ ಮುಂಚೆ ಪರೀಕ್ಷೆಯಲ್ಲಿ ಗಾಡಿ ಪಲ್ಟಿಯಾದಾಗ ಅದಕ್ಕೆ ಪೆಟ್ಟಾಗಿರಬೇಕೆಂದು ತಂಡದವರು ಲೆಕ್ಕ ಹಾಕಿದರು. ಪಲ್ಟಿಯಾದ ಮೇಲೆ ಅವರು ಸೆನ್ಸರುಗಳನ್ನೆಲ್ಲ ಸರಿಪಡಿಸಿಯೇ ಗಾಡಿ ಇಳಿಸಿದ್ದರು.